ಟೆಂಟಿಗೂ ಒಂದು ಚಪ್ಪರ ಬೇಕು: ಬೇಸಿಗೆ ಕ್ಯಾಂಪಿಂಗ್‌ನಲ್ಲಿ ಸೆಕೆಯ ಲೆಕ್ಕಾಚಾರ

ಆನೆಗೊಂದಿಯ ಹತ್ತಿರ, ಪರಿಚಯದವರ ತೋಟದ ಪಕ್ಕದ ಬಯಲಲ್ಲಿ ನಾವು ಟೆಂಟ್ ಹಾಕಿದ್ದು ಮೇ ತಿಂಗಳ ಮೊದಲ ವಾರ, ಬೆಳಿಗ್ಗೆ ಹತ್ತೂವರೆಗೆ. ಜಾಗ ಆರಿಸಿದ್ದು ನಾನೇ. ಬೆನ್ನಿಗೆ ಆನೆಗಾತ್ರದ ಬಂಡೆ, ಎದುರಿಗೆ ತುಂಗಭದ್ರೆಯ ಕಡೆ ಇಳಿಯುವ ಬಯಲು. ಫೋಟೊಗೆ ಹೇಳಿ ಮಾಡಿಸಿದ ಹಾಗಿತ್ತು. ಮಧ್ಯಾಹ್ನ ಊಟ ಮುಗಿಸಿ, ಮಗಳನ್ನು ಸ್ವಲ್ಪ ಹೊತ್ತು ಮಲಗಿಸೋಣ ಎಂದು ಜಿಪ್ ಎಳೆದರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದಾಗ ಹೊಡೆಯುತ್ತದಲ್ಲ, ಅಂಥ ಝಳ ಮುಖಕ್ಕೆ ಬಂತು. ಒಳಗಿಟ್ಟಿದ್ದ ಅವಳ ಕ್ರೆಯಾನ್‌ಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ನಮ್ಮ ಅತ್ತೆ ಪುತ್ತೂರಿನ ಕಡೆಯವರು. ದೂರದಲ್ಲಿ ಕುರ್ಚಿ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದವರು ಕೇಳಿದರು: "ಅಷ್ಟು ದೊಡ್ಡ ಮಾವಿನ ಮರ ಅಲ್ಲಿ ಉಂಟು, ನೀವು ಬಿಸಿಲಲ್ಲಿ ಯಾಕೆ ಕಟ್ಟಿದ್ದು? ಕಟ್ಟಿದ್ರೂ ಅಡ್ಡಿಲ್ಲ, ಮೇಲೆ ಒಂದು ಚಪ್ಪರ ಹಾಕ್ಲಿಕ್ಕೆ ಆಗುದಿಲ್ವಾ?"

ಆಗ ನನಗೆ ಸ್ವಲ್ಪ ಅವಮಾನವಾಯಿತು ಅಷ್ಟೇ. ಊರಿಗೆ ಬಂದು ಲೆಕ್ಕ ಹಾಕುತ್ತ ಕೂತಾಗ ಗೊತ್ತಾಯಿತು, ಟೆಂಟಿನ ಸೆಕೆಯ ಬಗ್ಗೆ ಹೇಳಬೇಕಾದ ಮುಖ್ಯ ಮಾತನ್ನು ಅವರು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು. ನಾವೆಲ್ಲ ಟೆಂಟನ್ನು ತಂಪು ಮಾಡುವುದು ಹೇಗೆ ಎಂದು ಯೋಚಿಸುತ್ತೇವೆ. ಫ್ಯಾನು, ಐಸು, ಒದ್ದೆ ಬಟ್ಟೆ ಎಂದು ಓಡಾಡುತ್ತೇವೆ. ಬಟ್ಟೆಯ ಒಂದು ಗೂಡನ್ನು ತಂಪು ಮಾಡುವುದು ಹೆಚ್ಚುಕಡಿಮೆ ಆಗದ ಕೆಲಸ. ಅದು ಬಿಸಿಯೇ ಆಗದ ಹಾಗೆ ನೋಡಿಕೊಳ್ಳುವುದು ಮಾತ್ರ ಆಶ್ಚರ್ಯವಾಗುವಷ್ಟು ಸುಲಭ.

ಐದು ಇಸ್ತ್ರಿ ಪೆಟ್ಟಿಗೆ

ಮೋಡವಿಲ್ಲದ ಬೇಸಿಗೆಯ ನಡುಮಧ್ಯಾಹ್ನ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ನಾಲ್ಕು ಜನ ಮಲಗುವ ಸಾಧಾರಣ ಟೆಂಟಿನ ತಳ 2.1 ಮೀಟರ್‌ಗೆ 2.4 ಮೀಟರ್, ಅಂದರೆ ಐದು ಚದರ ಮೀಟರ್. ಮನೆಯ ಇಸ್ತ್ರಿ ಪೆಟ್ಟಿಗೆ ಒಂದು ಸಾವಿರ ವ್ಯಾಟಿನದು ಎಂದು ಹಿಡಿದರೆ, ಐದು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿ ಟೆಂಟಿನ ನೆತ್ತಿಯ ಮೇಲಿಟ್ಟ ಹಾಗೆ. ಎಲ್ಲವೂ ಒಳಕ್ಕೆ ಬರುವುದಿಲ್ಲ ನಿಜ. ಒಂದಷ್ಟು ಪ್ರತಿಫಲಿಸಿ ಹೋಗುತ್ತದೆ, ಒಂದಷ್ಟನ್ನು ಗಾಳಿ ಹೊತ್ತೊಯ್ಯುತ್ತದೆ. ಅರ್ಧ ಬಂದರೂ ಸಾಕಲ್ಲ.

ನಾವು ಹೋಗಿದ್ದ ದಿನಗಳೂ ಹಾಗೇ ಇದ್ದವು. ನಮ್ಮ ರಾಜ್ಯದ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಹಂಪಿ ಸೀಮೆಯಲ್ಲಿ ಮೇ 2ರ ಆಸುಪಾಸು, ಕಲಬುರಗಿಯಲ್ಲಿ ಇನ್ನೊಂದು ವಾರ ತಡವಾಗಿ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕೋಲು ನೆಟ್ಟು ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ. ಆನೆಗೊಂದಿಯಲ್ಲಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ನಮ್ಮ ಟೆಂಟಿನ ಕೋಲಿನ ನೆರಳು ಕೋಲಿನ ಬುಡದಲ್ಲೇ ಮುದುಡಿಕೊಂಡಿತ್ತು. ಮಕ್ಕಳ ಬೇಸಿಗೆ ರಜೆ ಬೀಳುವುದೂ ಇದೇ ದಿನಗಳಲ್ಲಿ. ಪಕ್ಕದ ಬಂಡೆಯ ನೆರಳನ್ನು ನಂಬಿ ಟೆಂಟ್ ಹಾಕಿದವನಿಗೆ ಆ ಬಂಡೆ ಮಧ್ಯಾಹ್ನ ಒಂದು ಗೇಣು ನೆರಳನ್ನೂ ಕೊಡುವುದಿಲ್ಲ.

ಟೆಂಟಿನೊಳಗೆ ಬಿಸಿ ಮೂರು ದಾರಿಯಿಂದ ಬರುತ್ತದೆ. ಕಾದ ಬಟ್ಟೆ ಒಳಗಿನ ಗಾಳಿಯನ್ನು ಕಾಯಿಸುತ್ತದೆ, ಆ ಗಾಳಿ ಮೇಲೇರಿ ನೆತ್ತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ಬಟ್ಟೆಯ ಮೂಲಕ ನುಸುಳಿದ ಬೆಳಕು ಹಾಸಿಗೆ, ಚೀಲಗಳ ಮೇಲೆ ಬಿದ್ದು ಅಲ್ಲಿ ಬಿಸಿಯಾಗುತ್ತದೆ. ಮೂರನೆಯದು ಕಣ್ಣಿಗೆ ಕಾಣದ್ದು: ಕಾದ ಬಟ್ಟೆ ಕೆಳಗಿರುವವರ ಮೇಲೆ ನೇರವಾಗಿ ಕಾವನ್ನು ಸೂಸುತ್ತದೆ. ತಗಡಿನ ಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ತಲೆ ಸುಡುತ್ತದಲ್ಲ, ಆ ಅನುಭವ ಇದರಿಂದಲೇ. ಇಲ್ಲಿ ಗಾಳಿಯ ಉಷ್ಣಾಂಶ ನೋಡಿ ಪ್ರಯೋಜನವಿಲ್ಲ, ಚಾವಣಿಯ ಉಷ್ಣಾಂಶ ನೋಡಬೇಕು.

ಗಾಜಿನ ಮನೆ ಯಾಕೆ ಬಿಸಿಯಾಗುತ್ತದೆ ಎಂಬುದಕ್ಕೆ ನಾವು ಶಾಲೆಯಲ್ಲಿ ಕಲಿತ ಉತ್ತರ, ಬೆಳಕನ್ನು ಒಳಗೆ ಬಿಟ್ಟು ಶಾಖದ ಕಿರಣಗಳನ್ನು ಗಾಜು ಹೊರಗೆ ಬಿಡುವುದಿಲ್ಲ ಎಂಬುದು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಹೊರಗೆ ಬಿಡುವ ಕಲ್ಲುಪ್ಪಿನ ಹಲಗೆಯ ಮುಚ್ಚಳ ಹಾಕಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಅಂದರೆ ಒಳಗೆ ಬಿಸಿ ಕೂಡುವುದಕ್ಕೆ ಮುಖ್ಯ ಕಾರಣ, ಕಾದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿರುವುದು. ಜಿಪ್ ಎಳೆದು ಮುಚ್ಚಿದ ಟೆಂಟ್ ಎಂದರೆ ವುಡ್‌ನ ಪೆಟ್ಟಿಗೆಯೇ. "ಬೆಲೆಬಾಳುವ ಸಾಮಾನು ಒಳಗಿದೆ" ಎಂದು ಹಗಲಿಡೀ ಮುಚ್ಚಿಟ್ಟು ಸುತ್ತಾಡಲು ಹೋಗುವವರು ಸಂಜೆ ಕುಲುಮೆಗೆ ಮರಳುತ್ತಾರೆ.

ಅಂಗಡಿಯಲ್ಲಿ ಸಿಗುವ ಬಹುತೇಕ ಗುಮ್ಮಟದಾಕಾರದ ಟೆಂಟುಗಳು ಚಳಿ ಮಳೆಯ ದೇಶಗಳ ಅಗತ್ಯಕ್ಕೆ ಹುಟ್ಟಿದ ವಿನ್ಯಾಸ ಎಂಬುದನ್ನೂ ಇಲ್ಲಿ ನೆನೆಯಬೇಕು. ಗಾಳಿ ತಡೆಯುವುದು, ಮೈಬಿಸಿ ಹಿಡಿದಿಡುವುದು, ಮಳೆ ಒಳಬಿಡದಿರುವುದು ಅವುಗಳ ಕೆಲಸ. ಆ ಕೆಲಸವನ್ನು ಅವು ಮೇ ತಿಂಗಳ ಕೊಪ್ಪಳದಲ್ಲೂ ಚಾಚೂ ತಪ್ಪದೆ ಮಾಡುತ್ತವೆ.

ಚಪ್ಪರದ ಗುಟ್ಟು ನಡುವಿನ ಖಾಲಿ ಜಾಗದಲ್ಲಿದೆ

ಅತ್ತೆಯ ತವರಿನಲ್ಲಿ ಅಂಗಳದ ಚಪ್ಪರ ಎಂದರೆ ಅಡಕೆ ಮರದ ಕಂಬ, ಮೇಲೆ ಸಲಾಕೆಗಳ ಚೌಕಟ್ಟು, ಅದರ ಮೇಲೆ ಹೆಣೆದ ತೆಂಗಿನ ಮಡಲು. ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತಾರೆ. ಅದರಡಿ ಕೂತವರಿಗೆ ಬಿಸಿಲು ಕಾಣುವುದಿಲ್ಲ, ಗಾಳಿ ಮಾತ್ರ ಎಲ್ಲ ಕಡೆಯಿಂದ ಬರುತ್ತದೆ. ಮಡಲು ಎಷ್ಟೇ ಕಾದರೂ ಅದರ ಮೇಲೂ ಕೆಳಗೂ ಗಾಳಿ ಹರಿದು ಆ ಕಾವನ್ನು ಹೊತ್ತೊಯ್ಯುತ್ತದೆ. ಸಂದುಸಂದಿನಲ್ಲಿ ಗಾಳಿ ಆಡುವುದರಿಂದ ತಗಡಿನ ಹಾಗೆ ಸುಡುವ ಹಂತಕ್ಕೆ ಅದು ಹೋಗುವುದೇ ಇಲ್ಲ.

ಟೆಂಟಿಗೂ ಬೇಕಾದದ್ದು ಇದೇ. ಟೆಂಟಿನ ಹೊರ ಹೊದಿಕೆ, ಕ್ಯಾಂಪಿಂಗ್ ಮಂದಿ ಫ್ಲೈ ಎನ್ನುವುದು, ಒಂದು ರೀತಿಯ ಚಪ್ಪರವೇ. ಆದರೆ ಅದಕ್ಕೂ ಒಳಗಿನ ಗೂಡಿಗೂ ನಡುವೆ ನಾಲ್ಕು ಬೆರಳಿನ ಅಂತರ. ಜೊತೆಗೆ ಅದು ನೆಲದವರೆಗೂ ಇಳಿದು ಗಾಳಿಯನ್ನು ಕಟ್ಟಿಹಾಕುತ್ತದೆ. ಅದರ ಮೇಲೆ ಇನ್ನೊಂದು ಟಾರ್ಪಾಲನ್ನು ನೇರವಾಗಿ ಹೊದಿಸಿದರೆ ಕಂಬಳಿ ಹೊದಿಸಿದ ಹಾಗಾಯಿತೇ ಹೊರತು ಚಪ್ಪರವಾಗಲಿಲ್ಲ. ಟೆಂಟಿನ ನೆತ್ತಿಗೂ ಮೇಲಿನ ನೆರಳಿಗೂ ಕಡಿಮೆಯೆಂದರೆ ಒಂದು ಮೊಳ ಅಂತರವಿರಬೇಕು, ಎರಡು ಮೊಳ ಇದ್ದರೆ ಇನ್ನೂ ಒಳ್ಳೆಯದು. ಬ್ರಿಟಿಷ್ ಕಾಲದ ಅಧಿಕಾರಿಗಳು ಊರೂರು ತಿರುಗುವಾಗ ಒಯ್ಯುತ್ತಿದ್ದ ದೊಡ್ಡ ಡೇರೆಗಳಿಗೆ ಎರಡು ಚಾವಣಿ ಇರುತ್ತಿದ್ದುದು ಶೋಕಿಗಲ್ಲ, ನಡುವೆ ಗಾಳಿ ಆಡಲಿ ಎಂದು.

ಯಾವುದರಿಂದ ಹಾಕುವುದು? ನನ್ನ ಮಟ್ಟಿಗೆ ಇದಕ್ಕೆ ನರ್ಸರಿಯವರು ಗಿಡಗಳ ಮೇಲೆ ಕಟ್ಟುವ ಶೇಡ್ ನೆಟ್ಟಿಗಿಂತ ಒಳ್ಳೆಯದಿಲ್ಲ. ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಶೇಕಡ 50, 75, 90 ಎಂದು ನೆರಳಿನ ಪ್ರಮಾಣ ಹೇಳಿ ಮಾರುತ್ತಾರೆ. 75 ಅಥವಾ 90 ತೆಗೆದುಕೊಳ್ಳಿ. ಅದರ ದೊಡ್ಡ ಗುಣ ಎಂದರೆ ಗಾಳಿ ಅದರ ಮೂಲಕ ಹಾದುಹೋಗುತ್ತದೆ. ಕೆಳಗಿನ ಬಿಸಿ ಮೇಲಕ್ಕೆ ಸೋರಿಹೋಗುತ್ತದೆ, ಬಿರುಗಾಳಿ ಬಂದರೂ ಪಟದಂತೆ ಹಾರಿ ಕಂಬ ಕೀಳುವುದಿಲ್ಲ. ಮಳೆ ತಡೆಯದು, ಅದಕ್ಕೆ ಫ್ಲೈ ಇದೆಯಲ್ಲ. ತಾಡಪತ್ರಿಯೇ ಇದ್ದರೆ ಅದೂ ನಡೆಯುತ್ತದೆ. ಬೆಳ್ಳಿ ಬಣ್ಣದ ಮಗ್ಗುಲು ಇದ್ದರೆ ಅದು ಆಕಾಶಕ್ಕೆ ಮುಖ ಮಾಡಿರಲಿ. ಒಂದು ಬದಿ ಎತ್ತರಿಸಿ ಓರೆಯಾಗಿ ಕಟ್ಟಿ, ಕೆಳಗೆ ಕೂಡಿದ ಬಿಸಿಗಾಳಿ ಆ ಎತ್ತರದ ಬದಿಯಿಂದ ಹೋಗುತ್ತದೆ.

ಇಲ್ಲೊಂದು ತಪ್ಪನ್ನು ನಾನು ಎರಡು ಸಲ ಮಾಡಿದ್ದೇನೆ. ಟೆಂಟಿನ ಅಳತೆಗೆ ಸರಿಯಾಗಿ ನೆಟ್ ಕತ್ತರಿಸಿ ಸರಿಯಾಗಿ ಅದರ ಮೇಲೆಯೇ ಕಟ್ಟುವುದು. ಮಧ್ಯಾಹ್ನ ಹನ್ನೆರಡೂವರೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೇ ತಿಂಗಳ ಸಂಜೆ ನಾಲ್ಕಕ್ಕೆ ಹಂಪಿ ಕಡೆ ಸೂರ್ಯ ಪಶ್ಚಿಮದಲ್ಲಿ ದಿಗಂತದಿಂದ 37 ಡಿಗ್ರಿಯಷ್ಟು ಎತ್ತರಕ್ಕೆ ಇಳಿದಿರುತ್ತಾನೆ. ಎರಡು ಮೀಟರ್ ಎತ್ತರದಲ್ಲಿ ಕಟ್ಟಿದ ಚಪ್ಪರದ ನೆರಳು ಆಗ ಎರಡೂವರೆ ಮೀಟರಿಗಿಂತ ಹೆಚ್ಚು ಪೂರ್ವಕ್ಕೆ ಸರಿದಿರುತ್ತದೆ. ಅಂದರೆ ನೆರಳು ಅಷ್ಟೂ ಟೆಂಟಿನ ಪಕ್ಕದ ಹುಲ್ಲಿನ ಮೇಲೆ! ಆದ್ದರಿಂದ ಚಪ್ಪರವನ್ನು ಪಶ್ಚಿಮಕ್ಕೆ ಉದ್ದ ಬಿಟ್ಟು ಕಟ್ಟಬೇಕು, ಅಥವಾ ಆ ಬದಿಗೆ ಹಳೆಯ ಪಂಚೆಯನ್ನೋ ಸೀರೆಯನ್ನೋ ಇಳಿಬಿಡಬೇಕು. ಹತ್ತಿಯ ಸೀರೆಗೆ ಮೂರು ಜನರನ್ನು ನೆರಳಿನಲ್ಲಿಡುವ ಶಕ್ತಿ ಇದೆ. ಹೆಂಡತಿಯನ್ನು ಕೇಳದೆ ಒಯ್ದರೆ ಮಾತ್ರ ಬೇರೆ ಥರದ ಬಿಸಿ.

ಟೆಂಟಿನ ಬಣ್ಣದ ಬಗ್ಗೆ ಬಹಳ ಚರ್ಚೆ ನಡೆಯುತ್ತದೆ. ತಿಳಿ ಬಣ್ಣ ಕಡಿಮೆ ಕಾಯುತ್ತದೆ ಎಂಬುದು ನಿಜ, ಆದರೆ ನಾವು ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ. ಸಿನಾಯ್ ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಎಂದು ಪರೀಕ್ಷಿಸಿದ ಸಂಶೋಧಕರ ಬರಹವೊಂದು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿದರೂ, ಆ ಹೆಚ್ಚುವರಿ ಕಾವು ಬಟ್ಟೆಗೂ ಮೈಗೂ ನಡುವಿನ ಸಡಿಲ ಜಾಗದಲ್ಲೇ ಗಾಳಿಗೆ ಕಳೆದುಹೋಗುತ್ತದೆ, ಮೈಗೆ ತಾಗುವ ಹೊತ್ತಿಗೆ ಕಪ್ಪಿಗೂ ಬಿಳುಪಿಗೂ ವ್ಯತ್ಯಾಸವಿಲ್ಲ ಎಂಬುದು ಅದರ ಸಾರ. ನಮ್ಮ ಚಿತ್ರದುರ್ಗದ ಕಡೆಯ ಕುರಿಗಾಹಿ ಕರಿ ಕಂಬಳಿಯನ್ನು ತಲೆಯ ಮೇಲಿಂದ ಸಡಿಲವಾಗಿ ಇಳಿಬಿಟ್ಟು ಬಿಸಿಲಲ್ಲಿ ನಿಲ್ಲುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಅಲ್ಲೂ ಗುಟ್ಟು ನಡುವಿನ ಖಾಲಿ ಜಾಗವೇ.

ಮರದ ನೆರಳು, ಆದರೆ ಯಾವ ಮರ, ಯಾವ ದಿಕ್ಕು

ಹೊಂಗೆ ಸಿಕ್ಕರೆ ಬೇರೆ ಮರ ಹುಡುಕಬೇಡಿ. ಯುಗಾದಿಯ ಹೊತ್ತಿಗೆ ಹೊಸ ಎಲೆ ತೊಟ್ಟು, ಬೇಸಿಗೆಯಿಡೀ ದಟ್ಟ ಹಸಿರಾಗಿರುವ ಮರ ಅದು. ಹೊಂಗೆಯ ನೆರಳು ತಂಪು ಎಂದು ಹಿರಿಯರು ಹೇಳುವುದು ಬರೀ ಪ್ರೀತಿಯ ಮಾತಲ್ಲ. ಎಲೆಗಳು ನೀರನ್ನು ಆವಿಯಾಗಿಸುತ್ತಿರುವುದರಿಂದ ಬಿಸಿಲಿಗೆ ಮೈಯೊಡ್ಡಿದ್ದರೂ ತಾವು ಸುಡುವಷ್ಟು ಕಾಯುವುದಿಲ್ಲ, ಹಾಗಾಗಿ ಕೆಳಗಿರುವವರ ಮೇಲೆ ಕಾವನ್ನೂ ಸೂಸುವುದಿಲ್ಲ. ಟಾರ್ಪಾಲಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸ ಇದು. ಮಾವು, ಆಲ, ಬೇವು ಎಲ್ಲ ಸರಿಯೇ. ತೇಗದ ಕಾಡನ್ನು ನಂಬಿ ಹೋದರೆ ಏಪ್ರಿಲ್‌ನಲ್ಲಿ ಬೋಳು ಕೊಂಬೆ ಸಿಗುತ್ತವೆ. ನೀಲಗಿರಿಯ ನೆರಳು ಜರಡಿ ಹಿಡಿದಂತೆ. ತೆಂಗಿನ ಮರದಡಿ ಯಾರೂ ಟೆಂಟ್ ಹಾಕಬಾರದು, ಕಾಯಿಬಿಟ್ಟ ಹಲಸಿನಡಿಯೂ ಅಷ್ಟೇ. ಮಾವಿನಡಿ ಹಾಕುವ ಮುಂಚೆ ಎಲೆ ಮಡಿಸಿ ಗೂಡು ಕಟ್ಟಿದ ಕೆಂಪಿರುವೆಗಳನ್ನು ತಲೆಯೆತ್ತಿ ಒಮ್ಮೆ ನೋಡಿ. ಒಣಗಿದ ಕೊಂಬೆ ಇದೆಯೇ ಎಂಬುದನ್ನೂ.

ಸಾಮಾನ್ಯವಾಗಿ ಎಲ್ಲರೂ ಹುಡುಕುವುದು ಮಧ್ಯಾಹ್ನದ ನೆರಳು. ಯೋಚಿಸಿ ನೋಡಿ, ಮಧ್ಯಾಹ್ನ ಟೆಂಟಿನೊಳಗೆ ಯಾರು ಇರುತ್ತಾರೆ? ಮಕ್ಕಳು ನೀರಿನ ಹತ್ತಿರ, ದೊಡ್ಡವರು ಮರದಡಿ. ಟೆಂಟ್ ಬೇಕಾಗುವುದು ರಾತ್ರಿಗೆ, ಬೆಳಗಿನ ಜಾವದ ನಿದ್ದೆಗೆ. ಏಪ್ರಿಲ್ ಮೇ ತಿಂಗಳಲ್ಲಿ ಆರು ಗಂಟೆಗೆಲ್ಲ ಬಿಸಿಲು ಬರುತ್ತದೆ, ಏಳೂವರೆಗೆ ಟೆಂಟಿನೊಳಗೆ ಮಲಗಲಾಗುವುದಿಲ್ಲ. ತಡವಾಗಿ ಮಲಗಿದ ಮಕ್ಕಳು ಬೆವೆತು, ಎದ್ದು, ದಿನವಿಡೀ ಕಿರಿಕಿರಿ ಮಾಡುತ್ತಾರೆ. ಆದ್ದರಿಂದ ನಾನೀಗ ಪೂರ್ವಕ್ಕೆ ಮರವೋ ಗುಡ್ಡವೋ ಇರುವ ಜಾಗ ಹುಡುಕುತ್ತೇನೆ. ಮೊಬೈಲ್‌ನ ದಿಕ್ಸೂಚಿಗೆ ನಾನು ಕಂಡುಕೊಂಡ ದೊಡ್ಡ ಉಪಯೋಗ ಇದೇ.

ಟೆಂಟಿಗೆ ನೆನಪಿಲ್ಲ, ನೆಲಕ್ಕೆ ನೆನಪುಂಟು

ಟೆಂಟಿನ ಬಟ್ಟೆ ತೆಳು. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಅದು ಆರಿಹೋಗುತ್ತದೆ. ರಾತ್ರಿ ಒಂಬತ್ತಕ್ಕೂ ಸೆಕೆ ಕಾಡಿದರೆ ಅದಕ್ಕೆ ಹೊಣೆ ಟೆಂಟಲ್ಲ, ನೆಲ ಮತ್ತು ಬಂಡೆ. ಬೇಸಿಗೆ ಮಧ್ಯಾಹ್ನ ಬರಿ ನೆಲದ ಮೇಲ್ಮೈ 50 ಡಿಗ್ರಿ ದಾಟುವುದು ಸಾಮಾನ್ಯ. ಹಂಪಿ ಸೀಮೆಯ ಬಂಡೆಗಳಂತೂ ಹಗಲಿಡೀ ಕುಡಿದ ಬಿಸಿಲನ್ನು ಮಧ್ಯರಾತ್ರಿಯವರೆಗೆ ನಿಧಾನವಾಗಿ ಕಕ್ಕುತ್ತವೆ. ನಾನು ಫೋಟೊಗಾಗಿ ಆರಿಸಿದ್ದ ಆ ಆನೆಗಾತ್ರದ ಬಂಡೆ ರಾತ್ರಿ ಹತ್ತಕ್ಕೂ ಬೆನ್ನು ಸುಡುತ್ತಿತ್ತು, ಯಾರೋ ಪಕ್ಕದಲ್ಲಿ ಒಲೆ ಹಚ್ಚಿಟ್ಟಂತೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಒಂದು, ಹಗಲು ಟೆಂಟ್ ಹಾಕಲೇಬೇಡಿ. ಐದೂವರೆ ಆರಕ್ಕೆ ಹಾಕಿ. ಬಟ್ಟೆಯೂ ಬಾಳಿಕೆ ಬರುತ್ತದೆ, ಬಿಸಿಲು ನೈಲಾನಿನ ಶತ್ರು. ಎರಡು, ಟೆಂಟ್ ಹಾಕುವ ಜಾಗದ ನೆಲ ಹಗಲೂ ನೆರಳಿನಲ್ಲಿದ್ದದ್ದಾಗಿರಲಿ. ಚಪ್ಪರವನ್ನು ಬೆಳಿಗ್ಗೆ ಕಟ್ಟಿ, ಟೆಂಟನ್ನು ಸಂಜೆ ಕಟ್ಟುವುದು ಅತ್ಯುತ್ತಮ. ಹಗಲು ಅದರಡಿ ಚಾಪೆ ಹಾಸಿಕೊಂಡು ಕೂರಬಹುದು, ರಾತ್ರಿಗೆ ನೆಲ ತಣ್ಣಗಿರುತ್ತದೆ. ಹುಲ್ಲಿನ ನೆಲ ಮಣ್ಣಿಗಿಂತ ವಾಸಿ, ಮಣ್ಣು ಬಂಡೆಗಿಂತ ವಾಸಿ. ಬಿಸಿಲು ತಿಂದ ನೆಲವೇ ಗತಿಯಾದರೆ ಟೆಂಟ್ ಹಾಕುವ ಅರ್ಧ ಗಂಟೆ ಮುಂಚೆ, ಅಂಗಳಕ್ಕೆ ಚಿಮುಕಿಸುವ ಹಾಗೆ ಎರಡು ಬಿಂದಿಗೆ ನೀರು ಚಿಮುಕಿಸಿ. ಕೆಸರು ಮಾಡಬೇಡಿ.

ನದಿಯ ಪಾತ್ರದ ಮರಳು ತಂಪು ಎಂದು ಅಲ್ಲಿಗೆ ಇಳಿಯುವವರಿದ್ದಾರೆ. ಕಾವೇರಿ, ತುಂಗಭದ್ರೆ ಎರಡೂ ಅಣೆಕಟ್ಟಿನ ನದಿಗಳು. ಮೇಲೆ ನೀರು ಬಿಟ್ಟರೆ ಕೆಳಗೆ ಮಲಗಿದವರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ದಂಡೆಯ ಮೇಲೆ ಎತ್ತರದಲ್ಲಿ, ಜಾಗದವರ ಅನುಮತಿ ಪಡೆದು ಹಾಕಿ. ಕಾಡಿನೊಳಗಂತೂ ಅರಣ್ಯ ಇಲಾಖೆ ಗುರುತಿಸಿದ ಕಡೆ ಬಿಟ್ಟು ಬೇರೆಡೆ ಹಾಕುವ ಹಾಗಿಲ್ಲ.

ಗಾಳಿ ದಿಕ್ಕು ಬದಲಿಸುತ್ತದೆ

ಕಾದ ಗಾಳಿ ಮೇಲೇರುತ್ತದೆ. ಆದ್ದರಿಂದ ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ ಇದ್ದರೆ ಗಾಳಿ ತಾನಾಗಿ ಹರಿಯುತ್ತದೆ. ಹಳೆಯ ಅಡುಗೆಮನೆಯ ಮಾಡಿನಲ್ಲಿ ಹೊಗೆಗಂಡಿ ಇಟ್ಟ ಲೆಕ್ಕವೇ. ಟೆಂಟ್ ಕೊಳ್ಳುವಾಗ ಎಷ್ಟು ಜನ ಹಿಡಿಸುತ್ತಾರೆ ಎಂಬುದಕ್ಕಿಂತ ಒಳಗೂಡಿನಲ್ಲಿ ಜಾಲರಿ ಎಷ್ಟಿದೆ, ಎರಡು ಬಾಗಿಲು ಎದುರುಬದುರು ಇವೆಯೇ ಎಂದು ನೋಡಿ. ನಾಲ್ಕು ಜನಕ್ಕೆ ಆರು ಜನದ ಟೆಂಟ್ ಒಯ್ಯಿರಿ. ಸೊಳ್ಳೆ ಜಾಲರಿ ಗಾಳಿಯನ್ನು ಸಾಕಷ್ಟು ತಡೆಯುತ್ತದೆ, ಆದ್ದರಿಂದ ಕಿಂಡಿ ನಮಗೆ ಬೇಕೆನಿಸುವುದಕ್ಕಿಂತ ದೊಡ್ಡದೇ ಇರಲಿ.

ಕರಾವಳಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗೋಕರ್ಣದಲ್ಲೋ ಮರವಂತೆ ಕಡೆಯಲ್ಲೋ ಸಂಜೆ ಗಾಳಿ ಸಮುದ್ರದಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ಅದನ್ನು ನೋಡಿ ಬಾಗಿಲನ್ನು ಸಮುದ್ರಕ್ಕೆ ಮುಖ ಮಾಡಿ ಹಾಕುತ್ತೇವೆ. ರಾತ್ರಿ ನೆಲ ತಣಿದು ಸಮುದ್ರ ಬೆಚ್ಚಗೆ ಉಳಿದಾಗ ಗಾಳಿ ತಿರುಗಿ ಪೂರ್ವದಿಂದ ಬರಲು ತೊಡಗುತ್ತದೆ, ಅದೂ ಮೆಲ್ಲಗೆ. ಹಿಂಬದಿ ಮುಚ್ಚಿದ ಟೆಂಟಿನಲ್ಲಿ ನಡುರಾತ್ರಿ ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು ಅದಕ್ಕೇ. ಎರಡೂ ಕಡೆ ತೆರೆದಿಡಿ.

ಚಾರ್ಜ್ ಮಾಡುವ ಸಣ್ಣ ಫ್ಯಾನು ಒಳ್ಳೆಯ ಸಂಗಾತಿ. ಅದು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ನಮ್ಮ ಬೆವರನ್ನು ಆರಿಸುತ್ತದೆ. ಸಂಜೆ ಮಲಗುವ ಮುಂಚೆ ಅದನ್ನು ಬಾಗಿಲಲ್ಲಿಟ್ಟು ಹೊರಗಿನ ತಂಪು ಗಾಳಿಯನ್ನು ಒಳಗೆ ನೂಕಿಸಿ, ಆಮೇಲೆ ಮೈಮೇಲೆ ತಿರುಗಿಸಿಕೊಳ್ಳಿ. ಗಾಳಿಯೇ 40 ಡಿಗ್ರಿ ಮೀರಿ ಕಾದಿದ್ದರೆ ಫ್ಯಾನು ಮೈಗೆ ಬಿಸಿಯನ್ನೇ ಊದುತ್ತದೆ. ಅಂಥ ಹೊತ್ತಿನಲ್ಲಿ ಅದನ್ನು ಬಳಸಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಒದ್ದೆ ಬಟ್ಟೆ ಹಂಪಿಯಲ್ಲಿ, ಗೋಕರ್ಣದಲ್ಲಲ್ಲ

ನೀರು ಆವಿಯಾಗಲು ಬೇಕಾಗುವ ಶಾಖ ಅಪಾರ. ಒಂದು ಲೀಟರ್ ನೀರನ್ನು ಸೊನ್ನೆಯಿಂದ ಕುದಿಯುವವರೆಗೆ ಕಾಯಿಸಲು ಬೇಕಾಗುವುದರ ಐದಾರು ಪಟ್ಟು ಶಾಖ ಅದನ್ನು ಆವಿ ಮಾಡಲು ಬೇಕು. ಬೆವರು, ಮಣ್ಣಿನ ಹೂಜಿ, ಲಾವಂಚದ ಪರದೆ ಎಲ್ಲ ನಡೆಯುವುದು ಈ ಒಂದೇ ಲೆಕ್ಕದ ಮೇಲೆ. ಆದರೆ ಆವಿಯನ್ನು ಹಿಡಿಸಿಕೊಳ್ಳಲು ಗಾಳಿಯಲ್ಲಿ ಜಾಗ ಬೇಕಲ್ಲ.

ಹಂಪಿಯ ಮಧ್ಯಾಹ್ನ 38 ಡಿಗ್ರಿ, ಗಾಳಿಯ ತೇವಾಂಶ ಶೇಕಡ 25 ಇದೆ ಎನ್ನಿ. ಗಾಳಿಯಲ್ಲಿ ತೂಗುಹಾಕಿದ ಒದ್ದೆ ಬಟ್ಟೆ ಹೆಚ್ಚೆಂದರೆ ಸುಮಾರು 23 ಡಿಗ್ರಿಯವರೆಗೆ ತಣಿಯಬಲ್ಲದು. ಹದಿನೈದು ಡಿಗ್ರಿಯ ಲಾಭ. ಅದೇ ಕರಾವಳಿಯಲ್ಲಿ 33 ಡಿಗ್ರಿ, ತೇವಾಂಶ ಶೇಕಡ 75 ಇದ್ದರೆ ಬಟ್ಟೆ ಸುಮಾರು 29ಕ್ಕೆ ನಿಲ್ಲುತ್ತದೆ. ಸಿಕ್ಕಿದ್ದು ನಾಲ್ಕು ಡಿಗ್ರಿ, ಜೊತೆಗೆ ಟೆಂಟಿನೊಳಗೆ ಇನ್ನಷ್ಟು ತೇವ. ಆದ್ದರಿಂದ ಬಯಲುಸೀಮೆಯಲ್ಲಿ ಗಾಳಿ ಬರುವ ಕಡೆಯ ಬಾಗಿಲಿಗೆ, ಒಳಗಲ್ಲ ಹೊರಗೆ, ಒದ್ದೆ ಪಂಚೆ ಇಳಿಬಿಡಿ, ಪರಿಣಾಮ ನೋಡಿ ಖುಷಿಪಡುತ್ತೀರಿ. ಗೋಕರ್ಣದಲ್ಲಿ ಅದೇ ಪಂಚೆಯನ್ನು ಒಣಗಿಸಿ ಮೈ ಒರೆಸಲು ಇಟ್ಟುಕೊಳ್ಳಿ. ಅಲ್ಲಿ ಕೆಲಸ ಮಾಡುವುದು ಗಾಳಿಯೊಂದೇ.

ಐಸ್ ಡಬ್ಬಿಯ ಮುಂದೆ ಫ್ಯಾನಿಟ್ಟು ಏಸಿ ಮಾಡುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಇದನ್ನೊಮ್ಮೆ ಲೆಕ್ಕ ಹಾಕೋಣ. ಮಲಗಿದ ಮನುಷ್ಯನ ಮೈ ಸುಮಾರು 80 ವ್ಯಾಟ್ ಶಾಖ ಹೊರಹಾಕುತ್ತದೆ, ಅಂದರೆ ಗಂಟೆಗೆ 288 ಕಿಲೋಜೂಲ್. ಒಂದು ಕಿಲೋ ಐಸ್ ಕರಗುವಾಗ ಹೀರುವುದು 334 ಕಿಲೋಜೂಲ್. ನಾಲ್ಕು ಜನರ ಮೈಬಿಸಿಗೆ ಐದು ಕಿಲೋ ಐಸ್ ಒಂದೂವರೆ ಗಂಟೆಯೂ ಬರುವುದಿಲ್ಲ, ಜಾಲರಿಯಿಂದ ಸೋರಿಹೋಗುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅಷ್ಟು ಐಸನ್ನು ಮಜ್ಜಿಗೆಗೆ ಹಾಕಿ ಕುಡಿಯುವುದೇ ಸರಿ. ಉಳಿದರೆ ಒದ್ದೆ ಕರ್ಚೀಫಿನಲ್ಲಿ ಸುತ್ತಿ ಕುತ್ತಿಗೆಗೆ ಇಟ್ಟುಕೊಳ್ಳಿ.

ಹಾಸಿಗೆಯ ವಿಷಯದಲ್ಲಿ ಹೆಚ್ಚೇನಿಲ್ಲ. ಫೋಮ್ ಮ್ಯಾಟು, ಗಾಳಿ ತುಂಬುವ ಹಾಸಿಗೆ ಎರಡೂ ಬೆನ್ನಿನಡಿ ಬೆವರು ಕಟ್ಟುತ್ತವೆ. ಮೇಲೊಂದು ಚಾಪೆ ಹಾಸಿ. ಮಡಚುವ ಮಂಚ ಒಯ್ಯಲು ಕಾರಿನಲ್ಲಿ ಜಾಗವಿದ್ದರೆ ಅದಕ್ಕಿಂತ ಸುಖ ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆ ರಾತ್ರಿ ಹೊರಸನ್ನು ಅಂಗಳಕ್ಕೆ ತರುವುದು ಸುಮ್ಮನೆಯೇ? ಹೆಣೆದ ಹಗ್ಗದ ಕೆಳಗಿನಿಂದಲೂ ಗಾಳಿ ಬರುತ್ತದೆ.

ಎಲ್ಲ ಉಪಾಯಕ್ಕಿಂತ ದೊಡ್ಡದು ಎತ್ತರ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಮ್ಮಣ್ಣುಗುಂಡಿ 1400 ಮೀಟರಿಗೂ ಮೇಲಿದೆ. ಕರಾವಳಿಗೆ ಹೋಲಿಸಿದರೆ ಒಂಬತ್ತು ಡಿಗ್ರಿ ಪುಕ್ಕಟೆ. ಮಡಿಕೇರಿಯ ಸುತ್ತಲಿನ ಎಸ್ಟೇಟುಗಳಲ್ಲಿ ಮೇ ತಿಂಗಳ ರಾತ್ರಿ ರಗ್ಗು ಬೇಕಾಗುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬಯಲುಸೀಮೆಯನ್ನು ಡಿಸೆಂಬರಿಗೆ ಇಟ್ಟುಕೊಂಡು ಬೇಸಿಗೆಗೆ ಮಲೆನಾಡಿಗೆ ಹೋಗಿ ಎಂದೇ ನಾನು ಹೇಳುವುದು.

ಮಕ್ಕಳ ಮಾತು ಬಂತು. ಹಗಲು ಹೊತ್ತು ಮಗುವನ್ನು ಟೆಂಟಿನಲ್ಲಿ ಮಲಗಿಸಿ ಅಡುಗೆಗೆ ಹೋಗಬೇಡಿ, ನೆರಳು ಸರಿದದ್ದು ಗೊತ್ತಾಗುವುದಿಲ್ಲ. ಕಾರಿನೊಳಗೆ ಬಿಡುವುದಂತೂ ಐದು ನಿಮಿಷಕ್ಕೂ ಸಲ್ಲದು. ರಾತ್ರಿ ಸೆಕೆ ತಾಳದೆ ಕಾರಿನ ಏಸಿ ಹಾಕಿ ಎಂಜಿನ್ ಓಡಿಸುತ್ತ ಮಲಗುವ ಅಭ್ಯಾಸವೂ ಅಪಾಯ, ಹೊಗೆಯ ವಿಷಾನಿಲ ನಿದ್ದೆಯಲ್ಲೇ ಕೊಲ್ಲುತ್ತದೆ. ಯಾರಾದರೂ ಬಿಸಿಲಿನಿಂದ ಬಂದು ತಲೆ ತಿರುಗುತ್ತಿದೆ, ವಾಕರಿಕೆ ಎಂದರೆ ನೆರಳಿಗೆ ಕರೆದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಬೀಸಿ, ಉಪ್ಪು ಸಕ್ಕರೆ ಹಾಕಿದ ನೀರು ಕೊಡಿ. ಮಾತು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈ ತಣಿಸುತ್ತಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಆನೆಗೊಂದಿಯಲ್ಲಿ ನಾವು ಕೊನೆಗೆ ಮಾಡಿದ್ದು ಇಷ್ಟು. ಸಂಜೆ ಆರಕ್ಕೆ ಟೆಂಟನ್ನು ಬಿಚ್ಚಿ ಮಾವಿನ ಮರದ ಪಕ್ಕಕ್ಕೆ ಒಯ್ದು, ಫ್ಲೈ ಹಾಕದೆ ಬರೀ ಜಾಲರಿ ಗೂಡನ್ನು ನಿಲ್ಲಿಸಿದೆವು. ಮೋಡವಿಲ್ಲದ ರಾತ್ರಿ ನಮ್ಮ ಮೈಯ ಕಾವು ನೇರ ಆಕಾಶಕ್ಕೆ ಹೋಗುತ್ತದೆ. ಬೆಳಗಾಗುವುದರೊಳಗೆ ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ನೆಲ ಹೀಗೆ ಕಾವು ಕಳೆದುಕೊಂಡೇ. ಮಗಳು ಜಾಲರಿಯಿಂದ ನಕ್ಷತ್ರ ಎಣಿಸುತ್ತ ನಿದ್ದೆ ಹೋದಳು. ಒಂದೇ ಎಚ್ಚರ: ಏಪ್ರಿಲ್ ಮೇ ಎಂದರೆ ಮಾವಿನ ಮಳೆಯ ಕಾಲ. ಫ್ಲೈಯನ್ನು ಒಂದು ಬದಿಗೆ ಮೊದಲೇ ಕಟ್ಟಿ, ಉಳಿದದ್ದನ್ನು ಸುರುಳಿ ಸುತ್ತಿ, ಕತ್ತಲಲ್ಲೂ ಎಳೆದು ಹಾಕಿಕೊಳ್ಳುವ ಹಾಗೆ ಇಟ್ಟಿರಬೇಕು. ಗುಡುಗು ಕೇಳಿಸಿದರೆ ಫ್ಲೈ ಹುಡುಕುತ್ತ ಕೂರುವುದಲ್ಲ, ಮರದಡಿಯಿಂದ ಎದ್ದು ಎಲ್ಲರೂ ಕಾರಿನೊಳಗೆ ಹೋಗಿ ಕಿಟಕಿ ಏರಿಸಿಕೊಳ್ಳುವುದು. ನಮಗೆ ಎರಡೂವರೆಗೆ ಗುಡುಗು ಕೇಳಿಸಿತು. ಐದು ಜನ, ಒಂದು ಸಣ್ಣ ಕಾರು, ಮುಕ್ಕಾಲು ಗಂಟೆ. ಅತ್ತೆ ಮಾತ್ರ ಬೀಸಣಿಗೆ ಮರೆಯದೆ ತಂದಿದ್ದರು.